ಎರಡು ಗಂಟೆ ಮೂವತ್ತೈದು ನಿಮಿಷ, ರಾಹುಕಾಲ ಬಿಟ್ಟು

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಗೇಣುದ್ದದ ದಾರ ಇರುತ್ತದೆ. ಗುಂಡಿ ಹೊಲಿಯುವುದಕ್ಕೆ ಎಂದು ನೀವು ತಿಳಿದರೆ ನನಗೆ ಇಲ್ಲದ ಗೃಹಿಣಿಯ ಗೌರವ ಕೊಟ್ಟಂತಾಯಿತು. ಅದು ಭೂಗೋಳದ ದಾರ. ಮೂವತ್ತೊಂದು ವರ್ಷ ಕೋಲ್ಕತ್ತಾದ ಒಂದು ಶಾಲೆಯಲ್ಲಿ ಭೂಗೋಳ ಕಲಿಸಿದವಳು ನಾನು. ಗ್ಲೋಬಿನ ಮೇಲೆ ಈ ಊರಿನಿಂದ ಆ ಊರಿಗೆ ದಾರ ಎಳೆದು ಹಿಡಿ, ಪಟ್ಟಿಯ ಮೇಲಿಟ್ಟು ಅಳೆ, ಗುಣಿಸು, ಬಂತು ನೋಡು ವಿಮಾನದ ದೂರ ಎಂದು ಹೇಳಿ ಹೇಳಿ ನಾಲಿಗೆ ಸವೆದಿದೆ. ನಿವೃತ್ತಳಾದರೂ ಚಟ ಹೋಗಿಲ್ಲ. ಯಾರಾದರೂ ಊರಿನ ಹೆಸರೆತ್ತಿದರೆ ಸಾಕು, ಕೈ ಚೀಲದೊಳಗೆ ಹೋಗುತ್ತದೆ.

ಆದರೆ ಈಗ ದಾರಕ್ಕೆ ಕಿಮ್ಮತ್ತಿಲ್ಲ. ಮೊನ್ನೆ ನ್ಯೂ ಟೌನಿಗೆ ಹೊಸದಾಗಿ ಬಂದ ಕನ್ನಡದ ಗಂಡ ಹೆಂಡತಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. "ಇಲ್ಲಿಂದ ಬೆಂಗಳೂರು ಎಷ್ಟು ದೂರ ಆಂಟಿ?" ಎಂದು ಆ ಹುಡುಗಿ ಕೇಳಿದಳು. ನಾನು ದಾರ ಹುಡುಕುವಷ್ಟರಲ್ಲಿ ಅವಳ ಗಂಡ ಫೋನಿನಲ್ಲಿ ನೋಡಿ ಓದಿಬಿಟ್ಟ: ಸಾವಿರದ ಐನೂರ ಅರವತ್ತು ಕಿಲೋಮೀಟರ್, ಎರಡು ಗಂಟೆ ಮೂವತ್ತೈದು ನಿಮಿಷ.

"ಅಷ್ಟೇನಾ, ಹಾಗಾದರೆ ಹತ್ತಿರಾನೇ" ಎಂದಳು ಹುಡುಗಿ.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮವ್ವ ತಲೆ ಎತ್ತದೆ, "ಅಷ್ಟರಾಗ ಮುಟ್ಟಿದವ್ರು ಯಾರರ ಇದ್ರ ನನಗೂ ಒಮ್ಮೆ ತೋರಸಪಾ" ಎಂದಳು.

ನೀವೇ ಹೇಳಿ, ಆ ಎರಡು ಗಂಟೆ ಮೂವತ್ತೈದು ನಿಮಿಷ ಯಾರದ್ದು? ವಿಮಾನದ್ದು. ವಿಮಾನಕ್ಕೆ ಮನೆಯಿಲ್ಲ, ಮಠವಿಲ್ಲ. ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂದು ಅದು ಅರ್ಧ ದಾರಿಯಿಂದ ತಿರುಗಿ ಬರುವುದಿಲ್ಲ. ನಾವು ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯಿಂದ ಹೊರಡಬೇಕು, ಟ್ಯಾಕ್ಸಿಯವನು ಓಣಿ ಸಿಗದೆ ಮೂರು ಸಲ ಫೋನು ಮಾಡಬೇಕು, ಬೈಪಾಸಿನಲ್ಲಿ ಯಾರದೋ ಮೆರವಣಿಗೆಗೆ ದಾರಿ ಬಿಡಬೇಕು. ವಿಮಾನ ನಿಲ್ದಾಣದಲ್ಲಿ ಬೆಲ್ಟು, ಬಳೆ, ಚಟ್ನಿಪುಡಿ ಎಲ್ಲವನ್ನೂ ಬಿಚ್ಚಿ ತೋರಿಸಿ, ಚೆಲ್ಲಲು ಮನಸ್ಸಾಗದೆ ಬಾಟಲಿಯ ನೀರನ್ನೆಲ್ಲ ಗಟಗಟ ಕುಡಿಯಬೇಕು. ಆ ಕಡೆ ಇಳಿದ ಮೇಲೆ ಬೆಂಗಳೂರಿನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ಪ್ರಯಾಣವೇ ಬೇರೆ. ಮೂವತ್ತೊಂದು ವರ್ಷ ನಾನೂ ಮಕ್ಕಳಿಗೆ ದಾರದ ಸುಳ್ಳನ್ನೇ ಕಲಿಸಿದ್ದೇನೆ, ಅದು ಬೇರೆ ಮಾತು.

ನಾನು ಹುಟ್ಟಿ ಬೆಳೆದ ಧಾರವಾಡದಲ್ಲಿ ದೂರಕ್ಕೊಂದು ಮರ್ಯಾದೆಯಿತ್ತು. ಹತ್ತಿರದ್ದು ಕೂಗಳತೆ, ದೂರದ್ದು ಹರದಾರಿ. ಕೂಗಳತೆ ಎಂದರೆ ಯಾರ ಕೂಗು ಎನ್ನುವುದರ ಮೇಲೆ ಹೋಗುತ್ತದೆ. ನಮ್ಮ ಅಜ್ಜಿ ಕೂಗಿದರೆ ಮೂರು ಓಣಿಗೆ ಕೇಳುತ್ತಿತ್ತು, ಅಪ್ಪ ಕೂಗಿದರೆ ಅಡಿಗೆಮನೆಗೂ ಕೇಳುತ್ತಿರಲಿಲ್ಲ. ಅಪ್ಪ ದೂರವನ್ನು ಎಲೆ ಅಡಿಕೆಯಲ್ಲಿ ಅಳೆಯುತ್ತಿದ್ದರು. ಪೋಸ್ಟ್ ಆಫೀಸಿಗೆ ಒಂದು ಎಲೆ, ಸ್ಟೇಷನ್ನಿಗೆ ಎರಡು. ಬಾಯಲ್ಲಿಯ ಎಲೆ ಮುಗಿಯುವ ಮೊದಲೇ ಪೋಸ್ಟ್ ಆಫೀಸು ಬಂದರೆ ಹೊರಗೇ ನಿಂತು, ಅಗಿದು ಮುಗಿಸಿ, ಆಮೇಲೆ ಒಳಗೆ ಹೋಗುತ್ತಿದ್ದರು, ಅಳತೆ ತಪ್ಪಬಾರದು. ಇನ್ನು ನಮ್ಮ ಮನೆಯವರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಹೌರಾದಿಂದ ಹುಬ್ಬಳ್ಳಿಗೆ ಎರಡು ರಾತ್ರಿ, ಒಂದು ಹಗಲು. ಅದಕ್ಕಿಂತ ಬೇಗ ಮುಟ್ಟಿದರೆ ಅವರ ಪ್ರಕಾರ ಅದು ಪ್ರಯಾಣವಲ್ಲ, ಪಾರ್ಸೆಲ್ಲು.

ಅವ್ವನ ಅಳತೆ ಇವರೆಲ್ಲರಿಗಿಂತ ಬೇರೆ. ಅಪ್ಪ ತೀರಿದ ಮೇಲೆ ಹದಿನಾಲ್ಕು ವರ್ಷದಿಂದ ಅವಳು ನಮ್ಮ ಜೊತೆ ಕೋಲ್ಕತ್ತಾದಲ್ಲೇ ಇದ್ದಾಳೆ. ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ಧಾರವಾಡದ ಪಂಚಾಂಗದ ಕ್ಯಾಲೆಂಡರು ತೂಗುತ್ತದೆ. ಪ್ರತಿ ವರ್ಷ ಯಾರಾದರೂ ಅದನ್ನು ಅಲ್ಲಿಂದ ತಂದುಕೊಡಲೇಬೇಕು. ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವ್ವ ಎಂದೂ ಕೇಳಿದವಳಲ್ಲ. ಯಾವ ಹೊತ್ತಿಗೆ ಹೊರಡಬಾರದು ಎನ್ನುವುದಷ್ಟೇ ಅವಳಿಗೆ ಬೇಕು. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಹೀಗೆ ವಾರದ ಏಳೂ ರಾಹುಕಾಲ ಅವಳಿಗೆ ಬಾಯಿಪಾಠ. ವಿಮಾನ ಬಿಡುವವರಿಗೆ ಮಾತ್ರ ಈ ಕ್ಯಾಲೆಂಡರನ್ನು ಇದುವರೆಗೆ ಯಾರೂ ಕೊಟ್ಟಂತಿಲ್ಲ.

ಇದು ನಗುವ ಸಂಗತಿಯಲ್ಲ ಎಂದು ನನಗೆ ತಿಳಿದದ್ದು ಒಂಬತ್ತು ವರ್ಷದ ಹಿಂದೆ. ಒಂದು ಭಾನುವಾರ ಸಂಜೆ ಆರಕ್ಕೆ ಮೌಶಿಯ ಫೋನು ಬಂತು. ಮೌಶಿ ಎಂದರೆ ಅವ್ವನ ಒಬ್ಬಳೇ ತಂಗಿ, ಇಂದೂ. ಅವರಿಬ್ಬರ ತಾಯಿ, ತೊಂಬತ್ತು ದಾಟಿದ ನಮ್ಮ ಅಜ್ಜಿ, ಧಾರವಾಡದಲ್ಲಿ ಮೌಶಿಯ ಮನೆಯಲ್ಲಿದ್ದಳು.

"ಅವ್ವನ ತಬ್ಬೇತಿ ಭಾಳ ಬಿಗಡಾಯಿಸೇದ, ಅಕ್ಕಾ. ಲಗೂನ ಬಾ" ಎಂದಳು ಮೌಶಿ.

ಅವತ್ತಿನ ಕಡೆಯ ವಿಮಾನ ಏಳೂವರೆಗೆ. ಅದು ಸಿಗುವಂತಿರಲಿಲ್ಲ. ಮರುದಿನ, ಸೋಮವಾರ, ಬೆಳಿಗ್ಗೆ ಹತ್ತೂವರೆಯ ವಿಮಾನಕ್ಕೆ, ಬೆಂಗಳೂರಿನಲ್ಲಿ ಬದಲಿಸಿ ಮಧ್ಯಾಹ್ನವೇ ಹುಬ್ಬಳ್ಳಿ ಮುಟ್ಟುವಂತೆ, ಟಿಕೆಟ್ಟು ಮಾಡಿಸಿದೆವು. ಜ್ಯೇಷ್ಠದ ಸೆಕೆ. ಅವ್ವ ಸ್ನಾನ, ದೇವರಪೂಜೆ ಮುಗಿಸಿ ಚೀಲ ಹಿಡಿದು ಬಾಗಿಲಿಗೆ ಬಂದಾಗ ಗಡಿಯಾರದಲ್ಲಿ ಏಳೂ ಮೂವತ್ತೆರಡು. ಎರಡೇ ನಿಮಿಷ ಮೀರಿತ್ತು. ಅವಳು ಹೊಸ್ತಿಲ ಒಳಗೇ ಕೂತುಬಿಟ್ಟಳು.

"ಅವ್ವಾ, ಹೊತ್ತಾಗ್ತದ" ಎಂದೆ.

"ಆಗ್ಲಿ. ರಾಹುಕಾಲದಾಗ ನಾ ಹೊಂಟು, ಅಲ್ಲೆ ಅವ್ವಗ ಏನರ ಆದ್ರ?"

ನಾನು ಒತ್ತಾಯ ಮಾಡಲಿಲ್ಲ. ನನಗೂ ಅಳುಕಿತ್ತು. ಶಾಲೆಯಲ್ಲಿ ಗ್ರಹಣದ ಪಾಠ ಮಾಡಿ, ಮನೆಗೆ ಬಂದು ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವವರ ಪೈಕಿ ನಾನು. ಅಮ್ಮ ಮಗಳು ಒಂದೂವರೆ ತಾಸು ಗಡಿಯಾರ ನೋಡುತ್ತ ಕೂತೆವು. ಒಂಬತ್ತಕ್ಕೆ ಹೊರಟು ಹತ್ತೂ ಹತ್ತಕ್ಕೆ ವಿಮಾನ ನಿಲ್ದಾಣ ಮುಟ್ಟಿದಾಗ ಕೌಂಟರು ಮುಚ್ಚಿತ್ತು. ಸಂಜೆಯ ವಿಮಾನ, ಆಮೇಲೆ ಬಸ್ಸು, ಮಂಗಳವಾರ ಬೆಳಿಗ್ಗೆ ಧಾರವಾಡ. ಅಜ್ಜಿ ಸೋಮವಾರ ಸಂಜೆಯೇ ಹೋಗಿದ್ದಳು. ಅವತ್ತೇ ಎಲ್ಲಾ ಮುಗಿಸಿದ್ದರು. ಕಡೆಯವರೆಗೂ ಎಚ್ಚರವಿತ್ತಂತೆ. "ದೊಡ್ಡಾಕಿ ಬಂದ್ಲೇನು" ಎಂದು ಎರಡು ಸಲ ಕೇಳಿದಳಂತೆ.

ಮೌಶಿ ಬಾಗಿಲಲ್ಲೇ ನಿಂತು, "ವಿಮಾನದಾಗ ಹೊಂಟಾಕಿ ಚಕ್ಕಡಿಯಾಗ ಬಂದಂಗ ಬಂದಿ" ಎಂದಳು.

"ಟ್ರಾಫಿಕ್ ಇತ್ತು" ಎಂದಳು ಅವ್ವ.

ಕೋಲ್ಕತ್ತಾದ ಟ್ರಾಫಿಕ್ಕಿನ ತಲೆಯ ಮೇಲೆ ಬೇಕಾದಷ್ಟು ಪಾಪವಿದೆ, ಆದರೆ ಇದೊಂದು ಅದರದ್ದಲ್ಲ. ಅವ್ವನಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಊರಿನಿಂದ ಬಂದು ಒಂದು ತಿಂಗಳಾಗಿರಬೇಕು. ಒಂಬತ್ತನೇ ತರಗತಿಗೆ ರೇಖಾಂಶದ ಪಾಠ ಮಾಡುತ್ತಿದ್ದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಪೂರ್ವದ ಊರಿಗೆ ಸೂರ್ಯ ಮೊದಲು ಬರುತ್ತಾನೆ. ಉದಾಹರಣೆಗೆ ನನ್ನ ಊರು ಧಾರವಾಡ, ನಿಮ್ಮ ಊರು ಕೋಲ್ಕತ್ತಾ, ನಡುವೆ ಹದಿಮೂರು ಡಿಗ್ರಿ, ಹದಿಮೂರು ನಾಲ್ಕಲೆ ಐವತ್ತೆರಡು. ಅಷ್ಟು ಬರೆದು ನನ್ನ ಕೈ ನಿಂತಿತು. ರಾಹುಕಾಲ ಎಣಿಸುವುದು ಸೂರ್ಯೋದಯದಿಂದ. ಧಾರವಾಡದ ಕ್ಯಾಲೆಂಡರಿನವರು ಆರಕ್ಕೆ ಹೊತ್ತು ಹುಟ್ಟಿತು ಎಂದು ಹಿಡಿದು ಒಂಬತ್ತರವರೆಗೆ ಎಂದು ಅಚ್ಚು ಹಾಕಿದ್ದಾರೆ. ಜ್ಯೇಷ್ಠದಲ್ಲಿ ಕೋಲ್ಕತ್ತಾದ ಸೂರ್ಯ ಐದಕ್ಕೂ ಮೊದಲೇ ಎದ್ದಿರುತ್ತಾನೆ. ಲೆಕ್ಕ ಹಾಕಿದರೆ ಆ ಸೋಮವಾರದ ನಮ್ಮ ರಾಹುಕಾಲ ಎಂಟೂಕಾಲಿಗೇ ಮುಗಿದುಹೋಗಿತ್ತು. ಅವ್ವ ಕೂತದ್ದರಲ್ಲಿ ಅರ್ಧ ಹೊತ್ತು, ಅವಳ ಶಾಸ್ತ್ರದ ಪ್ರಕಾರವೇ, ಒಳ್ಳೆಯ ಹೊತ್ತು. ಎಂಟೂಕಾಲಿಗೆ ಎದ್ದು ಹೊರಟಿದ್ದರೆ ವಿಮಾನ ಕೂದಲೆಳೆಯಲ್ಲಿ ಸಿಗುತ್ತಿತ್ತು. ಆ ದಿನ ಮನೆಯ ಬಾಗಿಲಲ್ಲಿ ಭೂಗೋಳದ ಟೀಚರು ಕಲ್ಲಿನಂತೆ ಕೂತಿದ್ದಳು, ಹದಿಮೂರು ನಾಲ್ಕಲೆ ಎಷ್ಟು ಎಂದು ಅವಳಿಗೆ ಹೊಳೆದಿರಲಿಲ್ಲ. ಮಕ್ಕಳು "ಮಿಸ್, ಆಮೇಲೆ?" ಎಂದು ಕೇಳಿದರು. ನಾನು ಬೋರ್ಡು ಒರೆಸಿದೆ. ಅವ್ವನಿಗೆ ಇದನ್ನು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅಕ್ಕ ತಂಗಿಯರ ಮಾತು ಅಲ್ಲಿಗೆ ನಿಂತಿತು. ಮಾತು ಬಿಡುವುದರಲ್ಲೂ ನಮ್ಮ ಮನೆತನದವರದು ಒಂದು ಅಚ್ಚುಕಟ್ಟು. ಮದುವೆ ಮುಂಜಿವೆಗಳಲ್ಲಿ ಪಕ್ಕಪಕ್ಕದ ಎಲೆಗೆ ಕೂರುವುದು, ಆದರೆ ಮಾತು ನನ್ನ ಮೂಲಕ. "ಅಕಿಗೆ ಹೇಳು ಶಾಲೂ, ಕೋಸಂಬರ್ಯಾಗ ಉಪ್ಪು ಕಡಿಮಿ ಆಗೇದ." "ಅಕಿಗೆ ಹೇಳು, ಬಿಪಿ ಇದ್ದವರಿಗೆ ಅಷ್ಟು ಸಾಕು." ಒಂದು ಗೇಣಿನ ಅಂತರವನ್ನು ನಾನು ಅಂಚೆಯವಳಂತೆ ಒಂಬತ್ತು ವರ್ಷ ನಡೆದೆ. ಅದಕ್ಕೆಷ್ಟು ಕಿಲೋಮೀಟರು ಎಂದು ಫೋನು ಹೇಳುವುದಿಲ್ಲ.

ಈ ಮಾಘದಲ್ಲಿ, ಒಂದು ಬುಧವಾರ, ಮೌಶಿ ನನಗೆ ಫೋನು ಮಾಡಿದಳು. "ಶನಿವಾರ ಹುಬ್ಬಳ್ಳಿ ದವಾಖಾನ್ಯಾಗ ನನ್ನ ಎದಿ ಆಪರೇಶನ್ ಅದ. ಅಕ್ಕನ ಮಾರಿ ನೋಡಿ ಒಳಗ ಹೋಗ್ಬೇಕು ಅಂತ ಅನಸೇದ. ಅಕಿಗೆ ಹೇಳು" ಎಂದಳು. ದನಿ ಸಣ್ಣದಾಗಿತ್ತು. ನಾನು ಹೇಳುವುದೇ ಬೇಕಾಗಲಿಲ್ಲ; ಅವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಟ್ರಂಕು ತೆಗೆಯುವ ಸದ್ದಾಯಿತು.

ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ ಒಂದೂ ಐವತ್ತರ ವಿಮಾನ. ಬೆಂಗಳೂರಿನಲ್ಲಿ ಇಳಿದು ಇನ್ನೊಂದು ಹಿಡಿದರೆ ಸಂಜೆಗೆ ಹುಬ್ಬಳ್ಳಿ. ಮನೆ ಬಿಡಬೇಕಾದದ್ದು ಹನ್ನೊಂದಕ್ಕೆ, ಟ್ಯಾಕ್ಸಿಯವನು ಅದಕ್ಕೆ ಮೊದಲು ಬರುವಂತಿರಲಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಏನು ಎನ್ನುವುದು ಈಗ ನಿಮಗೂ ಬಾಯಿಪಾಠವಾಗಿರಬೇಕು. ನಾನು ಅವ್ವನ ಮುಖ ನೋಡಿದೆ.

"ಪ್ರಸ್ಥಾನ ಇಡೋಣು" ಎಂದಳು ಅವ್ವ ಗಟ್ಟಿಯಾಗಿ. "ಆವತ್ತ ಗಾಬರ್ಯಾಗ ನೆನಪಾಗಲಿಲ್ಲ ನನಗ."

ನಮ್ಮ ಹಿರಿಯರು ಕಾನೂನಿನಷ್ಟೇ ಕಾಳಜಿಯಿಂದ ಕಳ್ಳದಾರಿಯನ್ನೂ ಮಾಡಿಟ್ಟಿದ್ದಾರೆ. ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ ಅದಕ್ಕಿಂತ ಮೊದಲೇ, ಒಳ್ಳೆಯ ಹೊತ್ತಿನಲ್ಲಿ, ನಿಮ್ಮ ಒಂದು ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನೀವು ಹೊರಟಂತೆ. ಆಮೇಲೆ ಮನೆಯಲ್ಲಿ ಕೂತು ಚಹಾ ಕುಡಿದರೂ, ನಿದ್ದೆ ಹೊಡೆದರೂ ರಾಹುವಿಗೆ ನಿಮ್ಮ ಮೇಲೆ ಅಧಿಕಾರವಿಲ್ಲ. ಹೋಗುವಾಗ ಗಂಟು ಎತ್ತಿಕೊಂಡು ಹೋದರಾಯಿತು. ಶುಕ್ರವಾರ ಒಂಬತ್ತ‌ಕ್ಕೆ ಅವ್ವ ಒಂದು ಸಣ್ಣ ಚೀಲವನ್ನು ಕೆಳಗಿನ ಮನೆಯ ಶಿಖಾದಿಯ ಕೈಗೆ ಕೊಟ್ಟು ಬಂದಳು. ಶಿಖಾದಿಗೆ ಕನ್ನಡ ಬಾರದು, ಅವ್ವನಿಗೆ ಬಂಗಾಲಿ ಬಾರದು. ಹದಿನಾಲ್ಕು ವರ್ಷದಿಂದ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಸುಖವಾಗಿದ್ದಾರೆ. ಅವರ ಬಂಗಾಲಿ ಪಂಚಾಂಗವಾದ ಪಂಜಿಕೆಯಲ್ಲೂ ಹೊರಡಬಾರದ ಹೊತ್ತುಗಳು ಬೇಕಾದಷ್ಟಿರುವುದರಿಂದ ಶಿಖಾದಿಗೆ ವಿಷಯ ಬೇಗ ತಿಳಿಯಿತು. ಜೊತೆಗಿದ್ದ ನನ್ನನ್ನು ವಿಮಾನ ಎಷ್ಟಕ್ಕೆ ಎಂದು ಕೇಳಿದರು. ಒಂದೂ ಐವತ್ತು ಎಂದೆ. ಅದು ನನ್ನ ತಪ್ಪು.

ಹತ್ತೂ ಐವತ್ತಕ್ಕೆ ಟ್ಯಾಕ್ಸಿ ಬಂತು. ನಮ್ಮ ಮನೆಯವರು ದೊಡ್ಡ ಚೀಲಗಳನ್ನು ಇಳಿಸಿದರು. ಕೆಳಗೆ ಬಂದು ನೋಡಿದರೆ ಶಿಖಾದಿಯ ಬಾಗಿಲಿಗೆ ಬೀಗ. ಫೋನು ಮಾಡಿದೆ, ಅದು ಬಾಗಿಲ ಒಳಗೇ ಬಡಿದುಕೊಂಡಿತು.

"ಹೋಗ್ಲಿ ಬಿಡವ್ವಾ. ಒಂದು ಸೀರಿ, ನಾಲ್ಕು ಅಕ್ಕಿಕಾಳು ಇದ್ದೀತು. ನಡಿ" ಎಂದೆ.

"ಆಧಾರ್ ಕಾರ್ಡ್ ಅದರಾಗ ಅದ" ಎಂದಳು ಅವ್ವ.

ಅವ್ವನೇ ಬಿಡಿಸಿ ಹೇಳಿದಳು: "ಯಾವುದು ಇಲ್ದ ಹೋಗಲಿಕ್ಕೆ ಬರೂದಿಲ್ಲೋ ಅದನ್ನ ಪ್ರಸ್ಥಾನಕ್ಕ ಇಡಬೇಕು ಅಂತ ನಮ್ಮವ್ವ ಹೇಳ್ತಿದ್ಲು. ಹಿಂದಕ ಸೀರಿ ಇಡ್ತಿದ್ರು. ಈಗ ಸೀರಿ ಇಲ್ಲಂದ್ರ ಒಳಗ ಬಿಟ್ಟಾರು, ಆಧಾರ್ ಇಲ್ಲಂದ್ರ ಬಿಡೂದಿಲ್ಲ."

ತರ್ಕದಲ್ಲಿ ಒಂದು ಬಿರುಕಿಲ್ಲ. ಕಾರ್ಡನ್ನು ಫೋನಿನಲ್ಲಿ ತೆಗೆಯಬಹುದೇ ಎಂದು ನೋಡಿದೆ. ಅದಕ್ಕೆ ಬೇಕಾದ ನಂಬರು ಬರುವುದು ತೀರಿಹೋದ ಅಪ್ಪನ ಹಳೆಯ ಫೋನಿಗೆ. ಅಷ್ಟರಲ್ಲಿ ಕಾವಲಿನವನು ಶಿಖಾದಿ ಮೀನು ತರಲು ಮಾರ್ಕೆಟ್ಟಿಗೆ ಹೋಗಿದ್ದಾರೆ ಎಂದ. ನಾನು ಟ್ಯಾಕ್ಸಿಯವನಿಗೆ ನಿಲ್ಲಪ್ಪಾ ಎಂದು ಕೈಮುಗಿದು ತಿರುಗುವಷ್ಟರಲ್ಲಿ ಅವ್ವ ಓಣಿಯ ತಿರುವಿನಲ್ಲಿದ್ದಳು. ಎಪ್ಪತ್ತಾರು ವರ್ಷದ ಹೆಂಗಸು, ನನ್ನ ಮೊಣಕಾಲಿಗೆ ಸಿಗಲಿಲ್ಲ.

ಲೇಕ್ ಮಾರ್ಕೆಟ್ಟಿಗೆ ಅವ್ವ ವಾರಕ್ಕೆರಡು ಸಲ ಕರಿಬೇವು, ಬಾಳೆಲೆ, ಹೂವಿಗೆ ಹೋಗುತ್ತಾಳೆ. ಮೀನಿನ ಸಾಲು ಎಲ್ಲಿದೆ ಎಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು, ಹದಿನಾಲ್ಕು ವರ್ಷದಿಂದ ಅದನ್ನು ತಪ್ಪಿಸಿ ನಡೆದವಳು. ಅವತ್ತು ನೆಟ್ಟಗೆ ಅದರೊಳಗೇ ಹೋದಳು. ನಾನು ಏದುಸಿರು ಬಿಡುತ್ತ ಮುಟ್ಟಿದಾಗ, ಈರುಳ್ಳಿಯನ್ನೂ ಮುಟ್ಟದ ನಮ್ಮವ್ವ ಭೇಟ್ಕಿ ಮೀನಿನ ರಾಶಿಯ ಮುಂದೆ, ಒದ್ದೆ ನೆಲದ ಮೇಲೆ, ಸೀರೆಯ ನಿರಿಗೆ ಎತ್ತಿಹಿಡಿದು ನಿಂತಿದ್ದಳು. ಪಕ್ಕದವನು ಕತ್ತರಿಸುತ್ತಿದ್ದ ಮೀನಿನ ಹುರುಪೆ ಅವಳ ಸೆರಗಿಗೆ ಸಿಡಿದಿತ್ತು.

"ಮಾಶಿಮಾ, ಆಪ್ನಿ ಏಖಾನೆ?" ಎಂದರು ಶಿಖಾದಿ. ನೀವು ಇಲ್ಲಿ ಎಂದು ಕೇಳುವಾಗ ಅವರ ಕೈಯ ಮೀನು ಅಲ್ಲೇ ನಿಂತಿತ್ತು.

"ಕೀಲಿ ಕೊಡವಾ. ನನ್ನ ತಂಗಿ ಕಾಯಲಿಕ್ಹತ್ಯಾಳ" ಎಂದಳು ಅವ್ವ, ಕನ್ನಡದಲ್ಲೇ.

ಶಿಖಾದಿ ಮೀನು ಬಿಟ್ಟು ನಮ್ಮ ಜೊತೆಗೇ ಓಡಿಬಂದರು. ಒಂದೂ ಐವತ್ತರ ವಿಮಾನಕ್ಕೆ ಹನ್ನೊಂದಕ್ಕೇ ಹೊರಡುವವರು ಇದ್ದಾರೆ ಎಂದು ಅವರಿಗೆ ಹೊಳೆದಿರಲೇ ಇಲ್ಲವಂತೆ. ಚೀಲ ಕೈಗಿಟ್ಟು, ಅವ್ವನ ಸೆರಗಿನ ಹುರುಪೆ ಒರೆಸುತ್ತ ಹಿಂದಿಯಲ್ಲಿ ನನಗೆ ಸಮಾಧಾನ ಹೇಳಿದರು: ಹೊರಡುವಾಗ ಮೀನು ನೋಡುವುದು ತುಂಬಾ ಶುಭ. ನಾನು ಅದನ್ನು ಅವ್ವನಿಗೆ ಹೇಳಿದೆ.

"ಹಂಗಾದ್ರ ಇವತ್ತೊಂದು ದಿನ ಅಕಿ ಪಂಚಾಂಗನ ನಡೀಲಿ" ಎಂದು ಅವ್ವ ಟ್ಯಾಕ್ಸಿ ಹತ್ತಿದಳು. ಶಿಖಾದಿ ಹಿಂದಿನಿಂದ, ನಮ್ಮ ಪ್ರಯಾಣಕ್ಕೆ ದುರ್ಗೆಯನ್ನು ನೆನೆದು, "ದುಗ್ಗಾ, ದುಗ್ಗಾ" ಎಂದು ಕೈ ಜೋಡಿಸಿದರು.

ಬೈಪಾಸು ದಾಟುವವರೆಗೂ ಅವ್ವ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಆಮೇಲೆ, "ಎಷ್ಟಾತು ಶಾಲೂ?" ಎಂದಳು.

"ಹನ್ನೊಂದೂವರಿ ಮ್ಯಾಲಾತು."

"ನಟ್ಟನಡು ರಾಹುಕಾಲ." ಚೀಲವನ್ನು ತೊಡೆಯ ಮೇಲೆ ಇಳಿಸಿ, "ಆವತ್ತೂ ಹಿಂಗ ಎದ್ದು ಹೊಂಡಬಹುದಿತ್ತಲ್ಲಾ" ಎಂದಳು. "ಇಂದೂಗ ಹೇಳಿಬಿಡ್ತೀನಿ. ಟ್ರಾಫಿಕ್ ಇರಲಿಲ್ಲ ಅಂತ."

ಎಂಟೂಕಾಲಿನ ಲೆಕ್ಕ ನನ್ನ ನಾಲಿಗೆಯ ತುದಿಗೆ ಬಂತು. ಟಿಕೆಟ್ಟು ತೆಗೆದು ವಿಮಾನದ ಹೊತ್ತನ್ನು ಮತ್ತೊಮ್ಮೆ ಓದಿದೆ.

ವಿಮಾನ ಸಿಕ್ಕಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೌಶಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮೊದಲೇ ಸಣ್ಣ ಜೀವ, ಇನ್ನೂ ಸಣ್ಣಗಾಗಿದ್ದಳು. ಅವ್ವ ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಮಂಚದ ತುದಿಗೆ ಕೂತು, ಒಂಬತ್ತು ವರ್ಷದ ಹಿಂದೆ ಹೊಸ್ತಿಲ ಒಳಗೆ ಕೂತದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನನ್ನ ಮೂಲಕ ಹೇಳಲಿಲ್ಲ.

ಮೌಶಿ ಬಹಳ ಹೊತ್ತು ಹೊದಿಕೆಯ ಅಂಚು ಮಡಚುತ್ತಿದ್ದಳು. "ಅಕ್ಕಾ, ಡಾಕ್ಟರು ನನಗ ಭಾನುವಾರ ನಾಲ್ಕೂವರಿಗೇ ಹೇಳಿದ್ರು" ಎಂದಳು ಕೊನೆಗೆ. "ನಾಲ್ಕೂವರಿಯಿಂದ ಆರು ರಾಹುಕಾಲ. ಇಂಥಾ ಸುದ್ದಿ ಆ ಹೊತ್ತಿನ್ಯಾಗ ಹ್ಯಾಂಗ ಹೇಳೂದು ಅಂತ ಫೋನ್ ಮುಂದಿಟಗೊಂಡು ಕೂತಿದ್ದೆ. ನಾ ಆಗ ಹಚ್ಚಿದ್ರ ನೀ ಅವತ್ತ ಸಂಜೀಕ ಹೊಂಡತಿದ್ದಿ."

ಹೌದು, ಅವ್ವ ಆಗಲೂ ಹೊಸ್ತಿಲ ಒಳಗೆ ಕೂರದಿದ್ದರೆ ಏಳೂವರೆಯ ವಿಮಾನ ಸಿಗುತ್ತಿತ್ತು. ನನಗೆ ಆ ಲೆಕ್ಕ ಹಾಕಲು ದಾರವೂ ಬೇಕಿರಲಿಲ್ಲ. ಇಬ್ಬರೂ ಒಂದೇ ಕ್ಯಾಲೆಂಡರು ನೋಡಿ, ಎರಡು ಊರಿನಲ್ಲಿ, ತಾಯಿಗೆ ಕೆಡುಕಾಗಬಾರದೆಂದು ಕೂತಿದ್ದರು. ಆಮೇಲೆ ಒಂಬತ್ತು ವರ್ಷ ಒಬ್ಬಳು ಬೈದು ಮುಚ್ಚಿಕೊಂಡಳು, ಇನ್ನೊಬ್ಬಳು ಬೈಸಿಕೊಂಡು ಮುಚ್ಚಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅವರಿಬ್ಬರು ಮಾತ್ರ ಒಬ್ಬರನ್ನೊಬ್ಬರು ನೋಡಿ, ಯಾಕೋ, ನಗಲು ಶುರುಮಾಡಿದರು. "ನಿನ್ನ ಸೆರಗಿಗೆ ಎಂಥಾದೋ ನಾತ ಬರ್ತದಲ್ಲ ಅಕ್ಕಾ" ಎಂದಳು ಮೌಶಿ ಕಣ್ಣೊರೆಸಿಕೊಂಡು.

ಎಂಟೂಕಾಲಿನ ಸಂಗತಿಯನ್ನು ನಿಮಗೊಬ್ಬರಿಗೇ ಹೇಳಿದ್ದೇನೆ. ಅವ್ವ ಏನನ್ನಾದರೂ ಓದಲು ಕೂತಾಗ ಕನ್ನಡಕ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳಿದ್ದು, ದಯವಿಟ್ಟು ನಿಮ್ಮಲ್ಲೇ ಇರಲಿ. ಮೌಶಿ ಈಗ ಚೆನ್ನಾಗಿದ್ದಾಳೆ, ದಿನಕ್ಕೆರಡು ಸಲ ಫೋನು ಮಾಡಿ ಅಕ್ಕನ ಜೊತೆ ಜಗಳ ತೆಗೆಯುತ್ತಾಳೆ. ಆದರೆ ಆ ಶನಿವಾರ ಬೆಳಿಗ್ಗೆ ಹೀಗೆ ಎಲ್ಲ ಒಳ್ಳೆಯದಾಗುತ್ತದೆಂದು ನಮಗೆ ಯಾರು ಹೇಳಬೇಕು? ಒಂಬತ್ತೂಕಾಲಿಗೆ ನರ್ಸು ಗಾಲಿಮಂಚ ತಂದಳು. ಬಾಗಿಲು ಮುಂದೆ ಮಾಡಿ, ಅವ್ವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅಮ್ಮಾರ, ಶನಿವಾರ ನೋಡ್ರಿ, ಹತ್ತೂವರಿ ತನಕಾ ರಾಹುಕಾಲ ಅದ. ಭಾಳ ಮಂದಿ ಕೇಳ್ತಾರ, ಡಾಕ್ಟರಿಗೂ ರೂಢಿ ಆಗೇದ. ಬೇಕಂದ್ರ ಅಷ್ಟೊತ್ತು ತಡದು ಒಯ್ಯೋಣಂತ."

ಮೌಶಿ ಮಲಗಿದ್ದಲ್ಲಿಂದ ಅಕ್ಕನನ್ನು ನೋಡಿದಳು. ಅವ್ವ ತಂಗಿಯ ಹಣೆಯ ಮೇಲಿನ ಕೂದಲು ಸರಿಸಿ, ಗಾಲಿಮಂಚಕ್ಕೆ ತಾನೇ ಕೈ ಹಚ್ಚಿದಳು.

"ಬ್ಯಾಡವಾ, ಈಗ ನಡಿ. ನಾವಿಬ್ರೂ ಒಮ್ಮೆ ಕಾದು ನೋಡೇವಿ."